ಸ್ಟಾರ್‌ಬಕ್ಸ್ ಜಪಾನಿನಲ್ಲಿ ಗೆದ್ದದ್ದು, ಆಸ್ಟ್ರೇಲಿಯಾದಲ್ಲಿ ಸೋತದ್ದು ಯಾಕೆ?

ಪ್ರಶ್ನೆ: ನಾನು ಹಾಸನದಲ್ಲಿ ಎಂ.ಕಾಂ. ಓದುತ್ತಿದ್ದೇನೆ. ಸ್ಟಾರ್‌ಬಕ್ಸ್ ಕಂಪನಿ ಹೋದ ದೇಶದ ರುಚಿಗೆ ತಕ್ಕಂತೆ ಮೆನು ಬದಲಾಯಿಸಿ ಗೆದ್ದಿತು ಎಂದು ನಮ್ಮ ಪಠ್ಯದಲ್ಲಿದೆ. ಜಪಾನಿನಲ್ಲಿ ಗ್ರೀನ್ ಟೀ, ಚೀನಾದಲ್ಲಿ ಅಲ್ಲಿನ ಹಬ್ಬದ ಸಿಹಿ ತಿಂಡಿ ಮೂನ್‌ಕೇಕ್, ನಮ್ಮಲ್ಲಿ ಮಸಾಲೆ ಚಹಾ. ಹಾಗಾದರೆ ಆಸ್ಟ್ರೇಲಿಯಾದಲ್ಲಿ ಸೋತದ್ದು ಯಾಕೆ? ಫಿಲ್ಟರ್ ಕಾಫಿಯ ಊರಾದ ಬೆಂಗಳೂರಿನಲ್ಲಿ ಹೇಗೆ ನಡೆಯುತ್ತಿದೆ? ಪ್ರಾಜೆಕ್ಟ್‌ಗೆ ಇದೇ ವಿಷಯ ತೆಗೆದುಕೊಂಡಿದ್ದೇನೆ. ಏನನ್ನು ಗಮನಿಸಬೇಕು ಅಂತ ತಿಳಿಸುತ್ತೀರಾ?

ಉತ್ತರ: ನಿಮ್ಮ ಪಠ್ಯದಲ್ಲಿರುವುದು ಸುಳ್ಳಲ್ಲ. ಆದರೆ ಅದು ಕಣ್ಣಿಗೆ ಕಾಣುವಷ್ಟು ಭಾಗ ಮಾತ್ರ. ಮೆನುವಿಗೆ ಒಂದು ತಿಂಡಿ ಸೇರಿಸುವುದು ಯಾವ ದೊಡ್ಡ ಕಂಪನಿಗೂ ಕಷ್ಟದ ಕೆಲಸವಲ್ಲ. ಜನ ಇಷ್ಟಪಡದಿದ್ದರೆ ಮುಂದಿನ ತಿಂಗಳು ತೆಗೆದುಹಾಕಿದರೆ ಆಯಿತು. ಕಷ್ಟ ಇರುವುದು ಬೇರೆ ಕಡೆ. ಆ ಊರಿನವರು ಯಾವ ಹೊತ್ತಿಗೆ ಕಾಫಿಗೆ ಬರುತ್ತಾರೆ? ಯಾರ ಜೊತೆ ಬರುತ್ತಾರೆ? ನಿಂತು ಕುಡಿಯುತ್ತಾರೋ, ಕೂತು ಕುಡಿಯುತ್ತಾರೋ? ಇದೆಲ್ಲ ಅವರಿಗೆ ಈಗಾಗಲೇ ಎಲ್ಲಿ ಸಿಗುತ್ತಿದೆ? ಏನು ಸಿಗುತ್ತಿಲ್ಲ?

ನನ್ನ ಪ್ರಕಾರ ಈ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಊರಿನಲ್ಲಿ ಇಲ್ಲದ ಏನನ್ನೋ ಕೊಟ್ಟ ಕಡೆ ಸ್ಟಾರ್‌ಬಕ್ಸ್ ನೆಲೆ ನಿಂತಿದೆ. ಇದ್ದದ್ದನ್ನೇ ಜಾಸ್ತಿ ಬೆಲೆಗೆ ಕೊಡಲು ಹೋದ ಕಡೆ ಮುಗ್ಗರಿಸಿದೆ. ಗ್ರೀನ್ ಟೀ, ಮೂನ್‌ಕೇಕ್ ಎಲ್ಲ ಆಮೇಲಿನ ಮಾತು.

ನಿಮ್ಮ ಪ್ರಾಜೆಕ್ಟನ್ನು ಅಮೆರಿಕದ ಸಿಯಾಟಲ್‌ನಿಂದಲೇ ಶುರು ಮಾಡಿ ಎಂದು ಹೇಳುತ್ತೇನೆ. ಯಾಕೆಂದರೆ ಈ ಕಂಪನಿಯ ಮೊದಲ ಹೊಂದಾಣಿಕೆ ನಡೆದದ್ದು ಅದರ ಸ್ವಂತ ಊರಿನಲ್ಲೇ. 1971ರಲ್ಲಿ ಶುರುವಾದಾಗ ಸ್ಟಾರ್‌ಬಕ್ಸ್ ಹುರಿದ ಕಾಫಿ ಬೀಜ ಮಾರುವ ಅಂಗಡಿ. ಹೋವರ್ಡ್ ಶುಲ್ಟ್ಜ್ 1982ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ಇಟಲಿಯ ಮಿಲಾನ್‌ಗೆ ಹೋದಾಗ ಅಲ್ಲಿನ ಎಸ್‌ಪ್ರೆಸೊ (ಪುಟ್ಟ ಲೋಟದ ಕಡು ಕಾಫಿ) ಬಾರ್‌ಗಳನ್ನು ನೋಡಿ ಮರುಳಾದರು. 1986ರಲ್ಲಿ ಸಿಯಾಟಲ್‌ನಲ್ಲಿ 'ಇಲ್ ಜೊರ್ನಾಲೆ' ಎಂಬ ತಮ್ಮದೇ ಕಾಫಿ ಬಾರ್ ತೆರೆದರು. ಅಲ್ಲಿ ಎಲ್ಲವೂ ಮಿಲಾನ್‌ನ ಹಾಗೆಯೇ ಇರಬೇಕು ಎಂಬ ಹಟ ಅವರಿಗೆ. ಇಟಲಿಯ ಒಪೆರಾ ಸಂಗೀತ, ಕಾಫಿ ಮಾಡುವವರಿಗೆ ಬೋ ಟೈ, ನಿಂತು ಕುಡಿಯುವ ಕೌಂಟರ್. ಗಿರಾಕಿಗಳು ಒಪೆರಾ ಬೇಡ ಅಂದರು. ಕೂರಲು ಕುರ್ಚಿ ಕೇಳಿದರು. ಶುಲ್ಟ್ಜ್ ಎರಡಕ್ಕೂ ಒಪ್ಪಿಕೊಂಡರು. 1987ರಲ್ಲಿ ಅವರು 38 ಲಕ್ಷ ಡಾಲರಿಗೆ ಸ್ಟಾರ್‌ಬಕ್ಸನ್ನೇ ಕೊಂಡರು. ಅಂದರೆ, ಇವತ್ತು ನಾವು ಅಮೆರಿಕದ ಕಾಫಿ ಅಂಗಡಿ ಎಂದು ಗುರುತಿಸುವುದು ಮಿಲಾನ್‌ನ ಬಾರ್ ಸಿಯಾಟಲ್ ಜನರ ಕೈಯಲ್ಲಿ ಪಡೆದ ರೂಪ.

ಆ ಕುರ್ಚಿಯೇ ಮುಂದೆ ಕಂಪನಿಯ ಬಂಡವಾಳವಾಯಿತು. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ 'ಮೂರನೇ ಜಾಗ' ಜನರಿಗೆ ಬೇಕು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಬರೆದಿದ್ದರು. ಸ್ಟಾರ್‌ಬಕ್ಸ್ ಆ ಮಾತನ್ನು ತನ್ನದಾಗಿಸಿಕೊಂಡಿತು. ಕಾಫಿಯ ಬೆಲೆಯೊಳಗೆ ಜಾಗದ ಬಾಡಿಗೆಯೂ ಸೇರಿದೆ ಅಂದುಕೊಂಡರೆ ಮುಂದಿನ ಕಥೆ ಸಲೀಸಾಗಿ ಅರ್ಥವಾಗುತ್ತದೆ. ಆ ಬಾಡಿಗೆ ಕೊಡಲು ಜನ ಎಲ್ಲಿ ಒಪ್ಪಿದರು, ಎಲ್ಲಿ ಒಪ್ಪಲಿಲ್ಲ? ನಿಮ್ಮ ಪ್ರಶ್ನೆಯ ಉತ್ತರ ಅದರಲ್ಲೇ ಇದೆ.

ಈಗ ಜಪಾನ್. 1996ರ ಆಗಸ್ಟ್‌ನಲ್ಲಿ ಟೋಕಿಯೋದ ಗಿಂಜಾದಲ್ಲಿ ಮೊದಲ ಅಂಗಡಿ ತೆರೆಯಿತು. ಉತ್ತರ ಅಮೆರಿಕದ ಹೊರಗೆ ಸ್ಟಾರ್‌ಬಕ್ಸ್‌ಗೆ ಅದೇ ಮೊದಲನೆಯದು. ಜಪಾನ್ ಅಂದರೆ ಚಹಾ ಕುಡಿಯುವ ದೇಶ, ಅಲ್ಲಿಗೆ ಕಾಫಿ ಒಯ್ದು ಗೆದ್ದರು ಎಂದು ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಆ ಹೊತ್ತಿಗೆ ಜಪಾನ್ ದಶಕಗಳಿಂದ ಕಾಫಿ ಕುಡಿಯುತ್ತಿತ್ತು. 'ಕಿಸ್ಸಾತೆನ್' ಎಂಬ ಹಳೆಯ ಕಾಫಿ ಮನೆಗಳು ಊರೂರಲ್ಲಿದ್ದವು. ಯುಸಿಸಿ ಕಂಪನಿ 1969ರಲ್ಲೇ ಡಬ್ಬಿಯಲ್ಲಿ ಹಾಲು ಕಾಫಿ ಮಾರಲು ಶುರು ಮಾಡಿತ್ತು. ಬೀದಿಬದಿಯ ಯಂತ್ರಕ್ಕೆ ನಾಣ್ಯ ಹಾಕಿದರೆ ಬಿಸಿ ಕಾಫಿ ಬರುತ್ತಿತ್ತು. 1980ರಲ್ಲಿ ಟೋಕಿಯೋದ ಹರಾಜುಕುವಿನಲ್ಲಿ ಶುರುವಾದ 'ದೊತೋರು' ಎಂಬ ಸರಣಿ ಅಗ್ಗದ ಕಾಫಿಯನ್ನು ಬೇಗ ಕುಡಿದು ಹೋಗುವ ಅಭ್ಯಾಸ ಹಿಡಿಸಿತ್ತು.

ಹಾಗಾದರೆ ಇಲ್ಲದಿದ್ದದ್ದು ಏನು? ಹೊಗೆಯಿಲ್ಲದ ಕೋಣೆ. ಕಿಸ್ಸಾತೆನ್‌ನಲ್ಲೂ ಸಿಗರೇಟು, ದೊತೋರುವಿನಲ್ಲೂ ಸಿಗರೇಟು. ಗಂಡಸರು ಕೆಲಸದ ನಡುವೆ ಹೋಗಿ ಸೇದುತ್ತಾ ಕಾಫಿ ಕುಡಿಯುವ ಜಾಗಗಳು ಅವು. ಸ್ಟಾರ್‌ಬಕ್ಸ್ ಅಂಗಡಿಯೊಳಗೆ ಸಿಗರೇಟು ಪೂರ್ತಿ ನಿಷೇಧಿಸಿತು. ಆ ಕಾಲದ ಜಪಾನಿನಲ್ಲಿ ಇದು ಸ್ಥಳೀಯ ಪದ್ಧತಿಗೆ ನೇರ ವಿರುದ್ಧವಾದ ನಡೆ. ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳಿಗೆ, ಕಾಲೇಜು ಹುಡುಗಿಯರಿಗೆ ಒಬ್ಬರೇ ಹೋಗಿ ಒಂದು ಗಂಟೆ ಕೂರಬಹುದಾದ ಜಾಗ ಸಿಕ್ಕಿತು. ಕೂದಲಿಗೆ, ಬಟ್ಟೆಗೆ ಹೊಗೆಯ ವಾಸನೆ ಹತ್ತುವ ಚಿಂತೆ ಇರಲಿಲ್ಲ.

ಇನ್ನೊಂದು ಸಲಹೆಯನ್ನೂ ಕಂಪನಿ ಪಕ್ಕಕ್ಕಿಟ್ಟಿತು. ಜಪಾನಿನವರು ಬೀದಿಯಲ್ಲಿ ಕಾಗದದ ಕಪ್ ಹಿಡಿದು ನಡೆಯುವುದೇ ಇಲ್ಲ ಎಂದು ಸಲಹೆಗಾರರು ಎಚ್ಚರಿಸಿದ್ದರು. ಇದನ್ನು ಶುಲ್ಟ್ಜ್ ಆಮೇಲೆ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಆದರೂ ಕಪ್ ಬೀದಿಗೆ ಬಂತು. ಸಂಸ್ಕೃತಿಯನ್ನು ಗೌರವಿಸುವುದು ಅಂದರೆ ಇರುವ ಎಲ್ಲ ಪದ್ಧತಿಗೂ ತಲೆಬಾಗುವುದು ಎಂದು ತಿಳಿದಿದ್ದರೆ ಅಂಗಡಿಯಲ್ಲಿ ಆಶ್‌ಟ್ರೇ ಇಟ್ಟು ಕೂರಬೇಕಾಗುತ್ತಿತ್ತು. ನಿಮ್ಮ ಪ್ರಾಜೆಕ್ಟ್‌ನಲ್ಲಿ 'ಏನನ್ನು ಬದಲಾಯಿಸಲಿಲ್ಲ' ಎಂಬ ಒಂದು ಅಧ್ಯಾಯ ಇರಲೇಬೇಕು ಎನ್ನುವುದು ಇದಕ್ಕೇ.

ಜೊತೆಗಾರರ ಆಯ್ಕೆಯನ್ನೂ ನೋಡಿ. ಜಪಾನಿನಲ್ಲಿ ಸ್ಟಾರ್‌ಬಕ್ಸ್ ಕೈಜೋಡಿಸಿದ್ದು 'ಸಜಾಬಿ' ಜೊತೆ. ಅವರದು ಚೀಲ, ಮನೆಯ ಅಲಂಕಾರದ ಸಾಮಾನು ಮಾರುವ ವ್ಯಾಪಾರ. 'ಆಫ್ಟರ್‌ನೂನ್ ಟೀ' ಎಂಬ ಚಹಾ ಕೋಣೆಗಳನ್ನೂ ನಡೆಸುತ್ತಿದ್ದರು. ಕಾಫಿ ವ್ಯಾಪಾರದ ಹಳೆಯ ಹುಲಿಗಳನ್ನು ಬಿಟ್ಟು, ನಗರದ ಯುವತಿಯರಿಗೆ ಏನು ಇಷ್ಟ ಎಂದು ಬಲ್ಲವರನ್ನು ಹಿಡಿದರು. ಹೊಗೆಯಿಲ್ಲದ ಕೋಣೆ ಯಾರಿಗೆ ಬೇಕಿತ್ತೋ ಅವರನ್ನೇ ಸಜಾಬಿ ಚೆನ್ನಾಗಿ ಅರಿತಿತ್ತು. ಇದು ಸುಮ್ನೆ ಕೂಡಿಬಂದದ್ದು ಅಂತ ನನಗೆ ಅನಿಸುವುದಿಲ್ಲ. 2014ರಲ್ಲಿ ಸ್ಟಾರ್‌ಬಕ್ಸ್ ಜಪಾನಿನ ಪೂರ್ತಿ ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಳ್ಳುವುದಾಗಿ ಘೋಷಿಸಿತು. ಅಷ್ಟು ಹೊತ್ತಿಗೆ ಕಲಿಯಬೇಕಾದದ್ದನ್ನು ಕಲಿತಾಗಿತ್ತು.

ಹೀಗೆ ಕಾಲೂರಿದ ಮೇಲೆ ಜಪಾನಿನ ಬಣ್ಣ ಬಂತು. ವಸಂತದಲ್ಲಿ ಸಕುರಾ ಹೂವಿನ ಹೆಸರಿನ ಪಾನೀಯಗಳು ಕೆಲವೇ ವಾರ ಇರುತ್ತವೆ, ಆಮೇಲೆ ಮಾಯ. ಆ ಋತುವಿನದು ಆ ಋತುವಿಗೆ ಎಂಬುದು ಜಪಾನಿನ ಊಟ, ಉಡುಗೆ, ಹಬ್ಬ ಎಲ್ಲದರಲ್ಲೂ ಇರುವ ಮಾತು. ಹಾಗಾಗಿ ಇದು ಅವರಿಗೆ ಹೊರಗಿನದು ಅನಿಸಲಿಲ್ಲ. ಫುಕುವೊಕಾ ಬಳಿಯ ದಜೈಫು ತೆನ್ಮಾಂಗು ದೇಗುಲಕ್ಕೆ ಹೋಗುವ ದಾರಿಯಲ್ಲಿ 2011ರಲ್ಲಿ ಒಂದು ಅಂಗಡಿ ಬಂತು. ವಾಸ್ತುಶಿಲ್ಪಿ ಕೆಂಗೊ ಕುಮಾ ಅದನ್ನು ಸುಮಾರು 2000 ಮರದ ಕೋಲುಗಳನ್ನು ಹೆಣೆದು ಕಟ್ಟಿದರು. ಆ ದೇಗುಲ ವಿದ್ಯೆಯ ದೇವರದು, ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಗಳು ಹೋಗಿ ಬೇಡಿಕೊಳ್ಳುತ್ತಾರೆ. ಕ್ಯೋಟೋದ ನಿನೆನ್‌ಜಾಕಾ ಬೀದಿಯಲ್ಲಿ ನೂರು ವರ್ಷಕ್ಕೂ ಹಳೆಯದಾದ ಮರದ ಮನೆಯೊಂದನ್ನು 2017ರಲ್ಲಿ ಅಂಗಡಿ ಮಾಡಿದರು. ಬಾಗಿಲಿಗೆ ಬಟ್ಟೆಯ ಪರದೆ. ಮಹಡಿಯಲ್ಲಿ ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ರೇಷ್ಮೆಯ ದಿಂಬು ಹಾಕಿಕೊಂಡು ಕೂರಬೇಕು. ಆ ಬೀದಿಗೆ ಹೋದವರು ಫಲಕ ಓದದಿದ್ದರೆ ಅದು ಸ್ಟಾರ್‌ಬಕ್ಸ್ ಎಂದು ಗೊತ್ತೇ ಆಗದು.

ನನಗೆ ಅತಿ ಇಷ್ಟವಾದದ್ದು ತೊತ್ತೋರಿಯ ಸಂಗತಿ. ಜಪಾನಿನ 47 ಪ್ರಾಂತಗಳಲ್ಲಿ ಸ್ಟಾರ್‌ಬಕ್ಸ್ ಇಲ್ಲದೆ ಉಳಿದ ಕೊನೆಯ ಪ್ರಾಂತ ಅದು. ಸ್ಟಾರ್‌ಬಕ್ಸ್ ಇಲ್ಲದಿದ್ದರೇನು, ನಮ್ಮಲ್ಲಿ ದೇಶಕ್ಕೇ ಹೆಸರಾದ ಮರಳುದಿಬ್ಬ ಇದೆಯಲ್ಲ ಎಂಬರ್ಥದ ಮಾತನ್ನು ಅಲ್ಲಿನ ಗವರ್ನರ್ ಆಡಿದ್ದು ಊರೆಲ್ಲ ಹರಡಿತು. 2015ರ ಮೇನಲ್ಲಿ ಕೊನೆಗೂ ಅಂಗಡಿ ತೆರೆದಾಗ ಸುಮಾರು 1000 ಜನ ಸಾಲು ನಿಂತರು. 2021ರಲ್ಲಿ ಜಪಾನಿಗೆ ಬಂದು 25 ವರ್ಷವಾದಾಗ ಕಂಪನಿ 47 ಪ್ರಾಂತಗಳಿಗೂ ಬೇರೆ ಬೇರೆ ಫ್ರಾಪುಚಿನೊ (ಐಸ್ ಹಾಕಿ ರುಬ್ಬಿದ ಸಿಹಿ ಪಾನೀಯ) ಮಾಡಿತು. ಆಯಾ ಪ್ರಾಂತದ ಅಂಗಡಿಗಳಲ್ಲಿ ಕೆಲಸ ಮಾಡುವವರೇ ತಮ್ಮೂರಿನದು ಹೇಗಿರಬೇಕು ಎಂದು ಸೂಚಿಸಿದರು. ಮೆನು ಬದಲಾವಣೆ ಎಂದು ನಿಮ್ಮ ಪಠ್ಯ ಹೇಳುವುದು ಇದನ್ನೇ. ಆದರೆ ಇದು ನಡೆದದ್ದು ಇಪ್ಪತ್ತೈದನೇ ವರ್ಷದಲ್ಲಿ, ಜನ ಒಪ್ಪಿಕೊಂಡಾದ ಮೇಲೆ.

ಆಸ್ಟ್ರೇಲಿಯಾಕ್ಕೆ ಬರೋಣ. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್‌ಗಳಿಂದ ಬಹಳ ಜನ ಅಲ್ಲಿಗೆ ವಲಸೆ ಹೋದರು. ತಮ್ಮ ಕಾಫಿಯನ್ನೂ ಒಯ್ದರು. ಮೆಲ್ಬರ್ನ್‌ನ ಬರ್ಕ್ ಬೀದಿಯ 'ಪೆಲ್ಲೆಗ್ರಿನೀಸ್' ಎಸ್‌ಪ್ರೆಸೊ ಬಾರ್ 1954ರದು. ಸ್ಟಾರ್‌ಬಕ್ಸ್ ಹುಟ್ಟುವುದಕ್ಕೆ 17 ವರ್ಷ ಮುಂಚಿನದು! ಅರ್ಧ ಶತಮಾನದಲ್ಲಿ ಮೂಲೆಮೂಲೆಗೂ ಮನೆಯವರೇ ನಡೆಸುವ ಸಣ್ಣ ಕೆಫೆಗಳಾದವು. ಮಾಲೀಕರಿಗೆ ಗಿರಾಕಿಯ ಹೆಸರು ಗೊತ್ತು, ಅವರ ಕಾಫಿಗೆ ಸಕ್ಕರೆ ಎಷ್ಟು ಅಂತ ಗೊತ್ತು. ಕಾಫಿಯೂ ಚೆನ್ನಾಗಿತ್ತು. ನಯವಾದ ಹಾಲಿನ ನೊರೆಯ 'ಫ್ಲ್ಯಾಟ್ ವೈಟ್' ಅಲ್ಲಿನ ಕಾಫಿ. (ಅದು ತಮ್ಮದು ಎಂದು ನ್ಯೂಜಿಲೆಂಡಿನವರೂ ಹೇಳುತ್ತಾರೆ, ಆ ಜಗಳ ಇನ್ನೂ ಮುಗಿದಿಲ್ಲ.) ಮೂರನೇ ಜಾಗ ಅಲ್ಲಿ ಬೀದಿಗೊಂದು ಇತ್ತು.

ಅಂಥ ದೇಶಕ್ಕೆ 2000ದಲ್ಲಿ ಸ್ಟಾರ್‌ಬಕ್ಸ್ ಸಿಡ್ನಿಯ ಮೂಲಕ ಕಾಲಿಟ್ಟಿತು. ಬೇಗಬೇಗ ಅಂಗಡಿ ತೆರೆಯಿತು. ಅಮೆರಿಕದ ದೊಡ್ಡ ಕಪ್, ಅಮೆರಿಕದ ಸಿಹಿ ಸಿರಪ್, ಅಕ್ಕಪಕ್ಕದ ಕೆಫೆಗಿಂತ ಜಾಸ್ತಿ ಬೆಲೆ. ಜನ ಒಮ್ಮೆ ಕುತೂಹಲಕ್ಕೆ ಹೋದರು, ಮರುದಿನ ತಮ್ಮ ಮಾಮೂಲಿ ಜಾಗಕ್ಕೆ ವಾಪಸಾದರು. 2008ರ ಜುಲೈನಲ್ಲಿ ಕಂಪನಿ ಅಲ್ಲಿದ್ದ 84 ಅಂಗಡಿಗಳಲ್ಲಿ 61ನ್ನು ಮುಚ್ಚುವುದಾಗಿ ಹೇಳಿತು. ಉಳಿದವನ್ನು 2014ರಲ್ಲಿ ಸ್ಥಳೀಯ ವಿದರ್ಸ್ ಗ್ರೂಪ್‌ಗೆ ವಹಿಸಿತು.

ಆಸ್ಟ್ರೇಲಿಯಾದವರಿಗೆ ಸರಣಿ ಅಂಗಡಿಗಳೆಂದರೇ ಆಗುವುದಿಲ್ಲ ಎಂದು ಬರೆದುಬಿಡಬೇಡಿ. ಮೆಕ್‌ಡೊನಾಲ್ಡ್ಸ್‌ನ 'ಮೆಕ್‌ಕೆಫೆ' ಮೊದಲು ಶುರುವಾದದ್ದೇ ಮೆಲ್ಬರ್ನ್‌ನಲ್ಲಿ, 1993ರಲ್ಲಿ. ಅವರು ಅಲ್ಲಿನ ಕಾಫಿಯನ್ನು ಅಲ್ಲಿನ ಜನರ ಕೈಯಿಂದಲೇ ಮಾಡಿಸಿ, ಬರ್ಗರ್ ತಿನ್ನಲು ಹೇಗೂ ಬರುವವರಿಗೆ ಕೊಟ್ಟರು. ಸರಣಿ ಎಂಬುದು ಅಡ್ಡಿಯಾಗಲಿಲ್ಲ. ಸ್ಟಾರ್‌ಬಕ್ಸ್‌ನಲ್ಲಿ ಆ ಊರಿಗೆ ಹೊಸದೇನೂ ಇರಲಿಲ್ಲ, ಅದೇ ಅಡ್ಡಿಯಾದದ್ದು. ಮುಂದೆ 2015ರ ಜನವರಿಯಲ್ಲಿ ಸ್ಟಾರ್‌ಬಕ್ಸ್ ತನ್ನ ಅಮೆರಿಕದ ಅಂಗಡಿಗಳಲ್ಲೇ ಫ್ಲ್ಯಾಟ್ ವೈಟ್ ಮಾರಲು ಶುರು ಮಾಡಿತು. ಯಾರು ಯಾರಿಂದ ಕಲಿತರು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ, ಪ್ರಾಜೆಕ್ಟ್‌ನಲ್ಲಿ ಸೇರಿಸಿ.

ಇಟಲಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಎಸ್‌ಪ್ರೆಸೊ ಕೌಂಟರಿನಲ್ಲಿ ನಿಂತು, ಎರಡು ಗುಟುಕಿನಲ್ಲಿ ಕುಡಿದು ಹೋಗುವಂಥದ್ದು. ಬೆಲೆ ಸುಮಾರು ಒಂದು ಯೂರೊ. ಕಂಪನಿಗೆ ಸ್ಫೂರ್ತಿ ಕೊಟ್ಟ ದೇಶಕ್ಕೆ ಹೋಗಲು ಅದು 2018ರ ಸೆಪ್ಟೆಂಬರ್‌ವರೆಗೆ ಕಾಯಿತು. ಕಾದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮಿಲಾನ್‌ನ ಕೊರ್ದುಸಿಯೊ ಚೌಕದ ಹಳೆಯ ಅಂಚೆ ಕಟ್ಟಡದಲ್ಲಿ, ಸುಮಾರು 2300 ಚದರ ಮೀಟರ್ ಜಾಗದಲ್ಲಿ, ಬೀಜ ಹುರಿಯುವುದನ್ನು ಕಣ್ಣೆದುರೇ ತೋರಿಸುವ ರೋಸ್ಟರಿ ತೆರೆದರು. ತಿಂಡಿ ಮಿಲಾನ್‌ನದೇ ಆದ ಪ್ರಿಂಚಿ ಬೇಕರಿಯದು. ಫ್ರಾಪುಚಿನೊವನ್ನು ಮೆನುವಿನಲ್ಲಿ ಇಡಲೇ ಇಲ್ಲ. ಎಸ್‌ಪ್ರೆಸೊಗೆ 1.80 ಯೂರೊ ಇಟ್ಟದ್ದಕ್ಕೆ ಗ್ರಾಹಕರ ಸಂಘಟನೆಯೊಂದು ದೂರು ಕೊಟ್ಟಿತು. ಅದಕ್ಕೂ ಮುಂಚೆ, 2017ರಲ್ಲಿ, ಮಿಲಾನ್‌ನ ಮುಖ್ಯ ಚರ್ಚಿನ ಎದುರಿನ ಚೌಕದಲ್ಲಿ ಕಂಪನಿಯ ಹಣದಿಂದ ತಾಳೆ ಮರ ನೆಟ್ಟದ್ದಕ್ಕೂ ಗಲಾಟೆಯಾಗಿತ್ತು. ಆದರೂ ಅಂಗಡಿ ನಡೆಯಿತು. ಪಕ್ಕದ ಬಾರ್‌ನ ಒಂದು ಯೂರೊ ಕಾಫಿಯ ಜೊತೆ ಅದು ಸ್ಪರ್ಧೆಗೇ ಇಳಿಯಲಿಲ್ಲ. ಪ್ರವಾಸಿಗಳಿಗೆ, ಲ್ಯಾಪ್‌ಟಾಪ್ ಹಿಡಿದ ಹುಡುಗರಿಗೆ, ಬಾರ್‌ನಲ್ಲಿ ಸಿಗದ ಬಿಡುವನ್ನು ಮತ್ತು ನೋಟವನ್ನು ಕೊಟ್ಟಿತು.

ಚೀನಾದ ಕಥೆಗೆ ಸ್ವಲ್ಪ ಸಮಯ ಕೊಡಿ. ಗೆಲುವು ಹೇಗೆ ಬರುತ್ತದೆ, ಹೇಗೆ ಕರಗುತ್ತದೆ ಎರಡೂ ಅದರಲ್ಲಿವೆ. 1999ರ ಜನವರಿಯಲ್ಲಿ ಬೀಜಿಂಗ್‌ನಲ್ಲಿ ಮೊದಲ ಅಂಗಡಿ. ಅಲ್ಲಿನ ಹೆಚ್ಚಿನ ಜನರಿಗೆ ಆಗ ಕಾಫಿಯ ರೂಢಿಯೇ ಇರಲಿಲ್ಲ. ಅಮೆರಿಕದಲ್ಲಿ ಜನ ಬೆಳಿಗ್ಗೆ ಬಂದು, ಕಪ್ ಹಿಡಿದು ಓಡುತ್ತಿದ್ದರೆ ಚೀನಾದಲ್ಲಿ ಮಧ್ಯಾಹ್ನದ ಮೇಲೆ ಗುಂಪಾಗಿ ಬಂದು ಕೂರುತ್ತಿದ್ದರು. ನಗರದ ಮನೆಗಳು ಚಿಕ್ಕವು. ಗೆಳೆಯರನ್ನು, ವ್ಯವಹಾರದವರನ್ನು ಭೇಟಿಯಾಗಲು ಗೌರವವಾಗಿ ಕಾಣುವ ಜಾಗ ಬೇಕಿತ್ತು. ಹಾಗಾಗಿ ಅಲ್ಲಿ ದೊಡ್ಡ ಅಂಗಡಿ, ಜಾಸ್ತಿ ಕುರ್ಚಿ. ಅವರು ಮಾರಿದ್ದು ಕೋಣೆಯನ್ನು.

ಎಡವಿದ್ದೂ ಉಂಟು. 2000ದಲ್ಲಿ ಬೀಜಿಂಗ್‌ನ ಹಳೆಯ ಅರಮನೆಯೊಳಗೇ, ಅಂದರೆ ನಿಷೇಧಿತ ನಗರದೊಳಗೆ ಒಂದು ಅಂಗಡಿ ತೆರೆದರು. ಆಮೇಲೆ ಹೊರಗಿನ ಫಲಕ ತೆಗೆದರು. ಆದರೂ 2007ರ ಜನವರಿಯಲ್ಲಿ ಚೀನಾದ ಸರಕಾರಿ ಟಿವಿಯ ನಿರೂಪಕ ರೂಯಿ ಚೆಂಗ್‌ಗಾಂಗ್ ಅದನ್ನು ವಿರೋಧಿಸಿ ಬರೆದಾಗ ದೊಡ್ಡ ಚರ್ಚೆ ಎದ್ದಿತು. ಅದೇ ಜುಲೈಯಲ್ಲಿ ಅಂಗಡಿ ಮುಚ್ಚಿತು. ಜನರಿಗೆ ಕಾಫಿಯ ಮೇಲೆ ಸಿಟ್ಟಿರಲಿಲ್ಲ. ಊರಿನ ಬೇರೆ ಕಡೆ ಅದೇ ಕಾಫಿ ಕುಡಿಯುತ್ತಿದ್ದರು. ಅರಮನೆಯೊಳಗೆ ಮಾತ್ರ ಬೇಡ ಅಂದರು. ಕ್ಯೋಟೋದ ಮರದ ಮನೆ ಒಪ್ಪಿಗೆಯಾಗಿ ಬೀಜಿಂಗ್‌ನ ಅರಮನೆ ಯಾಕೆ ಆಗಲಿಲ್ಲ ಎಂದು ಯೋಚಿಸಿ. ಕ್ಯೋಟೋದ್ದು ವ್ಯಾಪಾರದ ಬೀದಿ, ಅಲ್ಲಿ ಅಂಗಡಿ ಇರುವುದು ಸಹಜ. ಬೀಜಿಂಗ್‌ನದು ಒಂದು ಇಡೀ ದೇಶದ ಅಭಿಮಾನದ ಜಾಗ.

ಪಠ್ಯಪುಸ್ತಕಗಳು ಬಿಟ್ಟುಬಿಡುವ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಸ್ಟಾರ್‌ಬಕ್ಸ್ ಚೀನಾದಲ್ಲಿ ಗಿರಾಕಿಗಳಿಗೆ ಒಗ್ಗಿಕೊಂಡಷ್ಟೇ ಕೆಲಸಗಾರರ ಮನೆಗೂ ಒಗ್ಗಿಕೊಂಡಿತು. ಒಂದೇ ಮಗು ಇರುವ ಮನೆಗಳು. ಆ ಮಗುವನ್ನು ಕಷ್ಟಪಟ್ಟು ಕಾಲೇಜು ಓದಿಸಿದ್ದಾರೆ. ಅದು ಹೋಗಿ ಕಾಫಿ ಲೋಟ ತೊಳೆಯುತ್ತದೆ ಅಂದರೆ ಅಪ್ಪ ಅಮ್ಮನಿಗೆ ಹೇಗಾಗಬೇಡ? 2012ರಲ್ಲಿ ಕಂಪನಿ ಕೆಲಸಗಾರರ ತಂದೆ ತಾಯಿಗಳನ್ನೇ ಕರೆಸಿ ಸಭೆ ನಡೆಸಿತು. ಶುಲ್ಟ್ಜ್ ಸ್ವತಃ ಮಾತಾಡಿದರು. ನಿಮ್ಮ ಮಕ್ಕಳು ಏನು ಕೆಲಸ ಮಾಡುತ್ತಾರೆ, ಮುಂದೆ ಏನಾಗಬಹುದು ಎಂದು ವಿವರಿಸಿದರು. 2017ರಲ್ಲಿ, ಎರಡು ವರ್ಷ ದುಡಿದ ಪೂರ್ಣಾವಧಿ ಕೆಲಸಗಾರರ ತಂದೆ ತಾಯಿಗೂ ಗಂಭೀರ ಕಾಯಿಲೆಯ ವಿಮೆ ಕೊಡುವುದಾಗಿ ಹೇಳಿದರು. ವಯಸ್ಸಾದ ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಜವಾಬ್ದಾರಿ ಎನ್ನುವ ಸಮಾಜದಲ್ಲಿ ಇದಕ್ಕಿಂತ ಆಳವಾದ ಹೊಂದಾಣಿಕೆ ಇನ್ನೊಂದು ನನಗೆ ಕಾಣುವುದಿಲ್ಲ. ಹತ್ತು ಮೂನ್‌ಕೇಕ್ ಅದಕ್ಕೆ ಸಾಟಿಯಾಗದು. ಯಾಕೆಂದರೆ ಅಂಗಡಿಯಲ್ಲಿ ಗಿರಾಕಿಗೆ ಮುಖ ಕೊಡುವುದು ಆ ಹುಡುಗ ಹುಡುಗಿಯರೇ. ಅವರು ಆರು ತಿಂಗಳಿಗೆ ಬಿಟ್ಟು ಹೋದರೆ ಯಾವ ಮೆನುವೂ ಉಳಿಸುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಈಗ ಚೀನಾದಲ್ಲಿ ಸ್ಟಾರ್‌ಬಕ್ಸ್ ಒತ್ತಡದಲ್ಲಿದೆ. 2017ರಲ್ಲಿ 'ಲಕಿನ್ ಕಾಫಿ' ಬಂತು. ಕುರ್ಚಿ ಇಲ್ಲದ, ಅಥವಾ ಹೆಸರಿಗೆ ನಾಲ್ಕು ಇರುವ ಪುಟ್ಟ ಅಂಗಡಿ. ಮೊಬೈಲ್‌ನಲ್ಲೇ ಆರ್ಡರ್, ಮೊಬೈಲ್‌ನಲ್ಲೇ ಹಣ. ಕೂಪನ್ ಹಾಕಿದರೆ ಬೆಲೆ ಸ್ಟಾರ್‌ಬಕ್ಸ್‌ನ ಅರ್ಧಕ್ಕೂ ಕಡಿಮೆ. 2020ರಲ್ಲಿ ಲೆಕ್ಕದ ಮೋಸ ಹೊರಬಿದ್ದು ಲಕಿನ್ ಅಮೆರಿಕದ ನಾಸ್ಡಾಕ್ ಷೇರುಪೇಟೆಯಿಂದ ಹೊರಹೋಯಿತು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಮುಗಿಯಲಿಲ್ಲ. ತೆಂಗಿನ ಹಾಲಿನ ಲಾಟೆ (ಹಾಲು ಜಾಸ್ತಿ ಇರುವ ಕಾಫಿ) ಮಾಡಿ ಮೇಲೆದ್ದಿತು. 2023ರ ಸೆಪ್ಟೆಂಬರ್‌ನಲ್ಲಿ ಚೀನಾದ ಹೆಸರಾಂತ ಮದ್ಯ ಮೌತಾಯ್‌ನ ಪರಿಮಳದ ಲಾಟೆ ತಂದು ಒಂದೇ ದಿನ 54 ಲಕ್ಷಕ್ಕೂ ಹೆಚ್ಚು ಕಪ್ ಮಾರಿತು. ಅಂಗಡಿಗಳ ಸಂಖ್ಯೆಯಲ್ಲಿ ಆಗಲೇ ಮುಂದಿತ್ತು, ಅದೇ ವರ್ಷ ಚೀನಾದೊಳಗಿನ ಮಾರಾಟದಲ್ಲೂ ಸ್ಟಾರ್‌ಬಕ್ಸನ್ನು ಹಿಂದೆ ಹಾಕಿತು.

ಏನಾಯಿತು ಇಲ್ಲಿ? ಕಾಫಿ ಕುಡಿಯುವುದನ್ನು ಸ್ಟಾರ್‌ಬಕ್ಸ್ ಕಲಿಸಿತು. ಇಪ್ಪತ್ತು ವರ್ಷದಲ್ಲಿ ಕಾಫಿ ದಿನನಿತ್ಯದ್ದಾಯಿತು. ದಿನನಿತ್ಯದ್ದಾದ ಮೇಲೆ ಜನ ಕೋಣೆಯ ಬಾಡಿಗೆ ಯಾಕೆ ಕೊಡಬೇಕು ಎಂದು ಕೇಳಿದರು. ಆ ಊರಿಗೆ ಇಲ್ಲದಿದ್ದದ್ದು ಈಗ ಎಲ್ಲೆಡೆ ಇದೆ. 2025ರ ಜೂನ್‌ನಲ್ಲಿ ಸ್ಟಾರ್‌ಬಕ್ಸ್ ಕೆಲವು ಪಾನೀಯಗಳ ಬೆಲೆ ಇಳಿಸಿತು. ಅದೇ ನವೆಂಬರ್‌ನಲ್ಲಿ ಚೀನಾ ವ್ಯವಹಾರದ ಶೇ. 60ರವರೆಗಿನ ಪಾಲನ್ನು ಅಲ್ಲಿನ ಹೂಡಿಕೆ ಸಂಸ್ಥೆ ಬೋಯು ಕ್ಯಾಪಿಟಲ್‌ಗೆ ಕೊಡುವ ಒಪ್ಪಂದ ಘೋಷಿಸಿತು. ಆಗ ಅಲ್ಲಿ ಸುಮಾರು 8000 ಅಂಗಡಿಗಳಿದ್ದವು.

ಬೇರೆ ಎರಡು ದೇಶಗಳನ್ನು ನೀವು ಟಿಪ್ಪಣಿಯಲ್ಲಿ ಮುಟ್ಟಿಹೋದರೆ ಸಾಕು. ಕೊರಿಯಾದಲ್ಲಿ ಸೋಲ್‌ನ ಹಳೆಯ ಬೀದಿ ಇನ್ಸಾದೊಂಗ್‌ನ ಅಂಗಡಿಗೆ ಕೊರಿಯನ್ ಲಿಪಿಯಲ್ಲೇ ಫಲಕ ಬರೆಸಿದರು. ಮೊಬೈಲ್‌ನಲ್ಲಿ ಮುಂಚೆಯೇ ಆರ್ಡರ್ ಮಾಡುವ 'ಸೈರನ್ ಆರ್ಡರ್' 2014ರಲ್ಲಿ ಅಲ್ಲಿಯ ತಂಡವೇ ಮಾಡಿದ್ದು. ಸೌದಿ ಅರೇಬಿಯಾದಲ್ಲಿ ಅಂಗಡಿಯ ನಕ್ಷೆಯೇ ಬೇರೆ ಇತ್ತು. ಗಂಡಸರಿಗೆ ಒಂದು ಭಾಗ, ಕುಟುಂಬದವರಿಗೆ ಒಂದು ಭಾಗ. ಇದು ಎಲ್ಲ ಹೋಟೆಲುಗಳಿಗೂ ಅಲ್ಲಿದ್ದ ನಿಯಮ. 2019ರ ಡಿಸೆಂಬರ್‌ನಲ್ಲಿ ಸರಕಾರ ಆ ಕಡ್ಡಾಯವನ್ನು ತೆಗೆಯಿತು. ಇಲ್ಲಿ ಕಂಪನಿಗೆ ಆಯ್ಕೆಯೇ ಇರಲಿಲ್ಲ. ಕಾನೂನಿಗೆ ತಗ್ಗುವುದನ್ನೂ ರುಚಿಗೆ ಒಗ್ಗುವುದನ್ನೂ ಒಂದೇ ಪಟ್ಟಿಯಲ್ಲಿ ಹಾಕಬೇಡಿ.

ಈಗ ನಮ್ಮೂರು. ಭಾರತಕ್ಕೆ ಸ್ಟಾರ್‌ಬಕ್ಸ್ ಬಂದದ್ದು ಟಾಟಾ ಜೊತೆ, ಅರ್ಧಕ್ಕರ್ಧ ಪಾಲಿನಲ್ಲಿ. ಮೊದಲ ಅಂಗಡಿ 2012ರ ಅಕ್ಟೋಬರ್‌ನಲ್ಲಿ ಮುಂಬಯಿಯ ಹಾರ್ನಿಮನ್ ಸರ್ಕಲ್‌ನಲ್ಲಿ. ಬೆಂಗಳೂರಿಗೆ 2013ರ ನವೆಂಬರ್‌ನಲ್ಲಿ, ಕೋರಮಂಗಲದಲ್ಲಿ. ಇಲ್ಲಿ ಮಾಡುವ ಎಸ್‌ಪ್ರೆಸೊಗೆ ಬೀಜ ಕೊಡುವುದೂ ಟಾಟಾದವರೇ. ಕೊಡಗಿನಲ್ಲಿ ಅವರಿಗೆ ತೋಟಗಳೂ ಇವೆ, ಹುರಿಯುವ ಘಟಕವೂ ಇದೆ. 2016ರಲ್ಲಿ ಕೊಡಗಿನ ನಲ್ಲೂರು ಎಸ್ಟೇಟಿನ ಕಾಫಿ ಸಿಯಾಟಲ್‌ನ ದೊಡ್ಡ ರೋಸ್ಟರಿಯಲ್ಲಿ ತೋಟದ ಹೆಸರಿನಿಂದಲೇ ಮಾರಾಟಕ್ಕೆ ಹೋಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ನಮಗೆ ಇದು ಸಂತೋಷದ ವಿಷಯ ಅಲ್ವಾ? ಬೀಜ ಹೋಗಿ ಹೆಸರು ಮಾತ್ರ ಇಲ್ಲೇ ಉಳಿಯುವುದನ್ನು ನಮ್ಮ ಬೆಳೆಗಾರರು ಬಹಳ ವರ್ಷ ನೋಡಿದ್ದಾರೆ.

ಮೊದಲ ದಿನಗಳ ಮೆನುವಿನಲ್ಲಿ ತಂದೂರಿ ಪನೀರ್ ರೋಲ್, ಏಲಕ್ಕಿ ಮಾವಾ ಕ್ರೊಸಾಂ ಎಲ್ಲ ಇದ್ದವು. ಆದರೆ ಬೆಂಗಳೂರಿನಲ್ಲಿ ಜನ ಅದಕ್ಕಾಗಿ ಹೋಗಲಿಲ್ಲ. ಕಾಫಿಗಾಗಿಯೂ ಅಲ್ಲ. ದರ್ಶಿನಿಯಲ್ಲಿ ನಿಂತು ಬೈಟೂ ಕುಡಿದರೆ ಕಾಫಿ ಮುಗಿಯಿತು, ರುಚಿಯೂ ನಾಲಿಗೆಗೆ ಹಿಡಿದದ್ದು. ಆದರೆ ದರ್ಶಿನಿಯಲ್ಲಿ ಕೂರಲು ಆಗದು. ಈ ಕೊರತೆಯನ್ನು ಸ್ಟಾರ್‌ಬಕ್ಸ್‌ಗಿಂತ 17 ವರ್ಷ ಮುಂಚೆ ಕಂಡುಕೊಂಡವರು ನಮ್ಮ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರು ಮಾಡಿದಾಗ ಕಾಫಿ ಜೊತೆ ಇಂಟರ್ನೆಟ್ಟನ್ನೂ ಕೊಟ್ಟರು. ಹುಡುಗ ಹುಡುಗಿಯರು ಯಾರ ಕಣ್ಣಿಗೂ ಅಂಜದೆ ಕೂರುವ ಜಾಗ ಅದಾಯಿತು. ಹೆದ್ದಾರಿಗಳಲ್ಲಿ, ನಿಮ್ಮ ಹಾಸನದ ದಾರಿಯಲ್ಲೂ, ಕುಟುಂಬಗಳು ಅಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಸ್ವಚ್ಛ ಶೌಚಾಲಯ ದೊಡ್ಡ ಕಾರಣ. ಅದನ್ನು ಯಾವ ಮೆನುವಿನಲ್ಲೂ ಬರೆದಿರುವುದಿಲ್ಲ. ಕಾಫಿ ಡೇ 2005ರಲ್ಲಿ ವಿಯೆನ್ನಾಕ್ಕೂ ಹೋಯಿತು, 2010ರಲ್ಲಿ ಚೆಕ್ ದೇಶದ 'ಕೆಫೆ ಎಂಪೋರಿಯೊ' ಸರಣಿಯನ್ನು ಕೊಂಡಿತು. ಕಾಫಿ ಮನೆಗಳಿಗೇ ಹೆಸರಾದ ವಿಯೆನ್ನಾದಲ್ಲಿ ಕಾಫಿ ಡೇ ಎದುರಿಸಬೇಕಾಗಿದ್ದದ್ದು ಸ್ಟಾರ್‌ಬಕ್ಸ್ ಮೆಲ್ಬರ್ನ್‌ನಲ್ಲಿ ಎದುರಿಸಿದ ಪ್ರಶ್ನೆಯನ್ನೇ. ನಿಮಗೆ ಸಮಯವಿದ್ದರೆ ಈ ಹೋಲಿಕೆ ಮಾಡಿ, ಇದನ್ನು ಯಾರೂ ಹೆಚ್ಚು ಬರೆದಿಲ್ಲ.

ಸ್ಟಾರ್‌ಬಕ್ಸ್ ಭಾರತದಲ್ಲಿ ಹತ್ತು ವರ್ಷ ದೊಡ್ಡ ನಗರಗಳ ಉಳ್ಳವರಿಗೇ ಮಾರಿತು. ಅದಕ್ಕಿಂತ ಕೆಳಗಿನ ಬೆಲೆಗೆ ಥರ್ಡ್ ವೇವ್, ಬ್ಲೂ ಟೊಕಾಯ್ ಮುಂತಾದ ನಮ್ಮ ದೇಶದ ಕಾಫಿ ಸರಣಿಗಳು ಬಂದ ಮೇಲೆ, 2022ರಲ್ಲಿ ಹೊಸ ಪ್ರಯೋಗಕ್ಕೆ ಕೈಹಾಕಿತು. ಬೆಂಗಳೂರು, ಗುರುಗ್ರಾಮ, ಇಂದೋರ್, ಭೋಪಾಲ್‌ಗಳಲ್ಲಿ ಮಸಾಲೆ ಚಹಾ, ಫಿಲ್ಟರ್ ಕಾಫಿ, ಮಿಲ್ಕ್‌ಶೇಕ್ ಇಟ್ಟಿತು. ಇವೆಲ್ಲ ಪತ್ರಿಕೆಗಳಲ್ಲಿ ಬಂತು. ನನಗೆ ಮುಖ್ಯ ಅನಿಸಿದ್ದು 'ಪಿಕೊ' ಎಂಬ ಹೊಸ ಅಳತೆ. ಸುಮಾರು 180 ಮಿಲಿಲೀಟರ್‌ನ ಪುಟ್ಟ ಕಪ್, 2023ರಲ್ಲಿ 185 ರೂಪಾಯಿಯಿಂದ ಶುರು. ನಾವು ಕಾಫಿಯನ್ನು ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ ಕುಡಿಯುವವರು. ಒಂದನ್ನು ಎರಡು ಮಾಡಿ ಹಂಚಿಕೊಳ್ಳುವವರು. ಅಮೆರಿಕದ ಕಪ್ ಒಬ್ಬರಿಗೆ ಜಾಸ್ತಿ, ಅದರ ಬೆಲೆಯೂ ಜಾಸ್ತಿ. ಅಳತೆ ಬದಲಾಯಿಸಿದ್ದು ಮಸಾಲೆ ಸೇರಿಸಿದ್ದಕ್ಕಿಂತ ದೊಡ್ಡ ಹೆಜ್ಜೆ. ಆದರೂ 185 ರೂಪಾಯಿ ಕಾಫಿ ದರ್ಶಿನಿಯ ಗಿರಾಕಿಯನ್ನು ಕರೆತರುವುದಿಲ್ಲ ಎಂದೇ ನನ್ನ ಅನಿಸಿಕೆ. ಅಲ್ಲಿ ಫಿಲ್ಟರ್ ಕಾಫಿ ಇಟ್ಟಿರುವುದು ಮೊಮ್ಮಗಳ ಜೊತೆ ಬರುವ ಅಜ್ಜಿಗೆ ಕೂರಲು ಒಂದು ನೆಪ ಕೊಡುತ್ತದೆ. ಅಷ್ಟು ಕೊಟ್ಟರೂ ಸಣ್ಣದಲ್ಲ, ಯಾಕೆಂದರೆ ನಮ್ಮಲ್ಲಿ ಜನ ಮನೆಮಂದಿಯೆಲ್ಲ ಒಟ್ಟಿಗೆ ಹೊರಡುತ್ತಾರೆ. ಒಬ್ಬರಿಗೆ ಕುಡಿಯಲು ಏನೂ ಇಲ್ಲ ಅಂದರೆ ಎಲ್ಲರೂ ಬೇರೆ ಕಡೆ ಹೋಗುತ್ತಾರೆ.

ಪ್ರಾಜೆಕ್ಟ್‌ಗೆ ನನ್ನ ಸಲಹೆ ಇಷ್ಟು. ಮೆನು ಕಾರ್ಡಿನ ಫೋಟೊ ತೆಗೆದು ಅಂಟಿಸುವುದರಲ್ಲೇ ಕೆಲಸ ಮುಗಿಸಬೇಡಿ. ಬೆಂಗಳೂರಿನಲ್ಲಿ ಒಂದೇ ಬಡಾವಣೆಯ ಒಂದು ದರ್ಶಿನಿ, ಒಂದು ಸ್ಟಾರ್‌ಬಕ್ಸ್, ಒಂದು ಸ್ಥಳೀಯ ಕೆಫೆ ಆರಿಸಿಕೊಳ್ಳಿ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಮೂರಕ್ಕೆ, ಸಂಜೆ ಏಳಕ್ಕೆ ಒಂದೊಂದು ಗಂಟೆ ಕೂತು ನೋಡಿ. ವಾರದ ದಿನ ಒಮ್ಮೆ, ಭಾನುವಾರ ಒಮ್ಮೆ. ಒಬ್ಬರೇ ಬಂದವರು ಎಷ್ಟು, ಹೆಂಗಸರು ಎಷ್ಟು, ವಯಸ್ಸಾದವರು ಎಷ್ಟು, ಪಾರ್ಸೆಲ್ ಒಯ್ದವರು ಎಷ್ಟು ಎಂದು ಬರೆದುಕೊಳ್ಳಿ. ಕೂತವರು ಎಷ್ಟು ಹೊತ್ತು ಕೂತರು, ಎರಡನೇ ಸಲ ಏನಾದರೂ ತರಿಸಿದರೇ ಎಂಬುದನ್ನೂ ನೋಡಿ. ಆಮೇಲೆ ಕೆಲವರನ್ನು ಒಂದೇ ಪ್ರಶ್ನೆ ಕೇಳಿ: ಈ ಅಂಗಡಿ ಇವತ್ತು ಮುಚ್ಚಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ? ಮೆಲ್ಬರ್ನ್‌ನವರು ಇದಕ್ಕೆ ಥಟ್ಟನೆ ಹತ್ತು ಹೆಸರು ಹೇಳುತ್ತಿದ್ದರು. 1996ರ ಟೋಕಿಯೋದಲ್ಲಿ ಸಿಗರೇಟಿನ ಹೊಗೆ ಆಗದ ಹುಡುಗಿಗೆ ಹೇಳಲು ಹೆಚ್ಚು ಹೆಸರು ಇರುತ್ತಿರಲಿಲ್ಲ. ಕೂತು ಬರೆದುಕೊಳ್ಳುವ ಮೊದಲು ಮೂರೂ ಕಡೆ ಮ್ಯಾನೇಜರ್ ಅನುಮತಿ ಕೇಳಿ, ಕಾಲೇಜಿನ ಪತ್ರ ಜೊತೆಗಿರಲಿ. ಗಿರಾಕಿಗಳ ಹೆಸರು, ಫೋಟೊ ಮಾತ್ರ ಬೇಡ.